ತಟ್ಟೆಯ ಚಿತ್ರ

ಜೂನ್ 3, ಮಂಗಳವಾರ

ಇವತ್ತಿನಿಂದ ಚಿತ್ರ ಬಿಡಿಸುವುದನ್ನು ಕಲಿಯುತ್ತಿದ್ದೇನೆ. ಐವತ್ತು ದಾಟಿದ ಮೇಲೆ. ಇದನ್ನು ಕೇಳಿ ಬಿದ್ದು ಬಿದ್ದು ನಗಬೇಕಾದವಳು ಅಕ್ಕ. ಅವಳಿಗೆ ಈಗ ನಗುವುದಕ್ಕೂ ಬಾಯಿ ಒಂದೇ ಕಡೆ ಎಳೆಯುತ್ತದೆ.

ಪ್ರೆಸ್ಸಿನ ಯಜಮಾನರು ಹೋದ ವಾರವೇ ಕಡ್ಡಿ ಮುರಿದಂತೆ ಹೇಳಿದ್ದರು. "ಕರಡು ತಿದ್ದೋಕೆ ಅಂತಲೇ ಒಬ್ಬರನ್ನ ಇಟ್ಕೊಳ್ಳೋ ಕಾಲ ಹೋಯ್ತು ಮಾರಾಯ್ರೆ. ಕಂಪ್ಯೂಟರಲ್ಲಿ ಡಿಸೈನ್ ಕಲೀರಿ, ಫೀಸು ನಾನೇ ಕಟ್ತೀನಿ. ಇಲ್ಲಾಂದ್ರೆ ನಿಮ್ಮ ದಾರಿ ನೀವು ನೋಡ್ಕೊಳ್ಳಿ." ಜೀವಮಾನವೆಲ್ಲ ಊರಿನವರ ಕಾಗುಣಿತ ತಿದ್ದಿದವನಿಗೆ ಬೇರೆ ಯಾವ ದಾರಿ ಗೊತ್ತಿದೆ? ಹೋದೆ.

ತರಗತಿ ನಡೆಯುವುದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಮೇಡಮ್ಮಿಗೆ ನನ್ನ ಅರ್ಧ ವಯಸ್ಸು. ಮೊದಲ ಪಾಠ, ಬರೀ ವೃತ್ತಗಳನ್ನು ಜೋಡಿಸಿ ಒಂದು ಸೇಬು ಮಾಡುವುದು. ನನ್ನ ಕೈಗೆ ಸಿಕ್ಕ ಮೌಸ್ ಹೇಳಿದ ಮಾತು ಕೇಳಲಿಲ್ಲ. ಪಕ್ಕದಲ್ಲಿದ್ದ ಕೇಕ್ ಅಂಗಡಿಯ ಹುಡುಗಿ ಬಗ್ಗಿ ನೋಡಿ, "ಅಂಕಲ್, ಆಲೂಗಡ್ಡೆ ಸಕತ್ತಾಗಿದೆ" ಎಂದಳು. ಪಾಪ, ಹೊಗಳಿದ್ದೇ.

ಮನೆಗೆ ಬಂದರೆ ಅಕ್ಕನನ್ನು ನೋಡಿಕೊಳ್ಳುವ ಆಯಾ ಚಪ್ಪಲಿ ಹಾಕಿಕೊಂಡೇ ಬಾಗಿಲಲ್ಲಿ ನಿಂತಿದ್ದಳು. "ಅಮ್ಮ ಇಡೀ ದಿನ ಏನೋ ಕೇಳ್ತಾನೇ ಇದ್ರು ಅಣ್ಣ. ಏನು ಅಂತ ನನಗಂತೂ ಗೊತ್ತಾಗ್ಲಿಲ್ಲ." ಅಕ್ಕ ನನ್ನನ್ನು ನೋಡಿ ಗಂಟಲಲ್ಲೇ ಗೊರಗೊರ ಎಂದಳು. ನೀರು ಕೊಟ್ಟೆ, ಬೇಡ. ಹೊದಿಸಿದೆ, ಬೇಡ. ಫ್ಯಾನು ಹಾಕಿದೆ, ಆರಿಸಿದೆ. ಕೊನೆಗೆ ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟಳು.

ಬಸ್ ನಿಲ್ದಾಣದ ಮೈಕಿನಲ್ಲಿ ಮಾತಾಡಿಯೇ ಸಂಬಳ ತಿಂದವಳು. ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಎಲ್ಲ ಒಂದೇ ಬೆಳಗ್ಗೆ ಹೋದವು. ಓದುವುದೂ ಹೋಯಿತು. ಚೀಟಿ ಬರೆದು ತೋರಿಸಿದರೆ ಇರುವೆ ಸಾಲು ನೋಡಿದ ಹಾಗೆ ನೋಡುತ್ತಾಳೆ. ಅವಳಿಗೆ ಬೇಕಾದದ್ದೇನು ಎಂದು ನನಗೆ ತಿಳಿಯದಿದ್ದರೆ ಈ ಭೂಮಿ ಮೇಲೆ ಇನ್ಯಾರಿಗೂ ತಿಳಿಯುವುದಿಲ್ಲ. ಅವಳಿಗೆ ನಾನು, ನನಗೆ ಅವಳು. ಮೂರನೆಯವರು ಯಾರಿದ್ದಾರೆ?

ಊಟ ಬೇಕೆನಿಸಲಿಲ್ಲ. ಟೀ ಕುಡಿದೆ.

ಜೂನ್ 10, ಮಂಗಳವಾರ

ಪೆನ್ ಟೂಲ್ ಎಂಬ ಶನಿಯ ಪರಿಚಯವಾಯಿತು. ಅದು ಪೆನ್ನಲ್ಲ. ಒಂದು ಚುಕ್ಕಿ ಇಟ್ಟು ಎಳೆದರೆ ಗೆರೆ ತಾನೇ ಬಾಗುತ್ತದೆ, ನಾನು ಬಾಗು ಎಂದ ಕಡೆಗೆ ಮಾತ್ರ ಬಾಗುವುದಿಲ್ಲ. ಫೋಟೋ ಕೆಳಗಿಟ್ಟುಕೊಂಡು ಅದರ ಅಂಚಿನ ಮೇಲೆ ಗೆರೆ ಎಳೆದು ಒಂದು ಟೀ ಕಪ್ಪು ಬರೆಯಬೇಕಿತ್ತು. ತಲೆ ಚಿಟ್ಟು ಹಿಡಿಯಿತು. ಕೊನೆಗೆ ಒಂದು ಹಿಡಿಕೆ, ಒಂದು ಬಾಯಿ, ಒಂದು ತಳ ಸರಿಯಾಗಿ ಕೂತವು. ಕಪ್ಪು ಎಂದು ಯಾರೂ ಹೇಳದೆಯೇ ಗೊತ್ತಾಗುತ್ತಿತ್ತು.

ಅದನ್ನು ಕೆಳಗಿನ ಅಂಗಡಿಯಲ್ಲಿ ಪ್ರಿಂಟು ಹಾಕಿಸಿ ತಂದೆ, ಜಂಬಕ್ಕೆ. ಅಕ್ಕ ಎಡಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಕಾಗದ ಎದೆ ಮೇಲಿಟ್ಟು ಅಡುಗೆಮನೆಯ ಕಡೆ ಕೈ ಮಾಡಿದಳು.

"ಟೀ ಬೇಕಾ?"

ಹೂಂ ಎಂದು ತಲೆ ಆಡಿಸಿದಳು.

ಮಾಡಿಕೊಟ್ಟೆ. ಚಮಚದಲ್ಲಿ ನಿಧಾನವಾಗಿ ಕುಡಿದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಕೇಳಿದ್ದು ನನಗೆ ತಿಳಿದದ್ದು ಇದೇ ಮೊದಲು. ನಾನು ಸ್ಟೌವ್ ಮುಂದೆ ನಿಂತು ಅತ್ತೆ. ಇದನ್ನು ಯಾರಿಗೂ ಹೇಳುವುದಿಲ್ಲ.

ಜೂನ್ 14, ಶನಿವಾರ

ಮೇಡಮ್ ಇವತ್ತು ಪೋಸ್ಟರ್ ಮಾಡಲು ಹೇಳಿದರು. ಎರಡೇ ಬಣ್ಣ, ಎರಡೇ ಬಗೆಯ ಅಕ್ಷರ. ಎಲ್ಲರೂ ಸೇಲು, ಪಾರ್ಟಿ ಅಂತ ಮಾಡಿದರು. ನಾನು ಖಾಲಿ ಕುರ್ಚಿ ಬರೆದು "ಇಲ್ಲಿ ಕೂತು ಮಾತಾಡಿ" ಎಂದು ಹಾಕಿದೆ. "ಸರ್, ಚೆನ್ನಾಗಿದೆ, ಆದ್ರೆ ನೋಡಿದ್ರೆ ಅಳು ಬರುತ್ತೆ" ಎಂದರು ಮೇಡಮ್. ನನಗೇನೂ ಬರಲಿಲ್ಲ. ಅಕ್ಷರಗಳ ನಡುವಿನ ಜಾಗ ಸರಿಯಿಲ್ಲ ಎಂದಷ್ಟೇ ಕಂಡಿತು.

ಬೆಲ್ಟಿಗೆ ಇನ್ನೊಂದು ತೂತು ಹಾಕಿಸಬೇಕು. ಪ್ಯಾಂಟು ನಿಲ್ಲುತ್ತಿಲ್ಲ. ಹೊಸ ಬೆಲ್ಟು ಇಷ್ಟು ಬೇಗ ಸಡಿಲವಾದರೆ ಹೇಗೆ? ಎಲ್ಲ ಕಳಪೆ ಮಾಲು.

ಜೂನ್ 21, ಶನಿವಾರ

ಮುಂದಿನ ಕೆಲಸ, ಚಿಕ್ಕ ಗುರುತಿನ ಚಿತ್ರಗಳ ಒಂದು ಕಟ್ಟು. ಬಾಗಿಲ ಮೇಲೆ, ಫೋನಿನಲ್ಲಿ ಇರುವಂಥವು. ನನ್ನದು ಅಕ್ಕನಿಗೆ ಎಂದು ಆಗಲೇ ತೀರ್ಮಾನಿಸಿಬಿಟ್ಟಿದ್ದೆ. ನೀರು, ಟೀ, ಊಟ, ಫ್ಯಾನು, ಕಿಟಕಿ, ನೋವು, ಬಚ್ಚಲು. ಜತೆಗೆ ಹೌದು ಎನ್ನಲು ಒಂದು ಸರಿಗುರುತು, ಇಲ್ಲ ಎನ್ನಲು ಒಂದು ತಪ್ಪುಗುರುತು.

ಊಟಕ್ಕೆ ಒಬ್ಬ ಮನುಷ್ಯನನ್ನು ಬರೆದಿದ್ದೆ. ಮುಂದೆ ತಟ್ಟೆ, ಕೈಯಲ್ಲಿ ಚಮಚ, ಚಮಚ ಬಾಯಿಯ ಹತ್ತಿರ. ಮೇಡಮ್ ನೋಡಿ, "ಈ ಮನುಷ್ಯ ಯಾಕೆ ಸರ್? ತಟ್ಟೆ, ಚಮಚ ಇದ್ರೆ ಸಾಕು. ಏನು ತೆಗೆದ್ರೂ ಅರ್ಥ ಕೆಡೋದಿಲ್ವೋ ಅದನ್ನೆಲ್ಲ ತೆಗೆದುಬಿಡಬೇಕು" ಎಂದರು.

ಖುಷಿಯಾಯಿತು. ಹೆಚ್ಚಾದ ಪದಕ್ಕೆ ಗೆರೆ ಹೊಡೆಯುವುದೇ ನನ್ನ ಕಸುಬು. ಅಳಿಸಲು ಹೋದೆ. "ಅಯ್ಯೋ, ಅಳಿಸಬೇಡಿ. ಅದು ಬೇರೆ ಲೇಯರಲ್ಲಿದೆಯಲ್ಲ, ಪಕ್ಕದಲ್ಲಿರೋ ಕಣ್ಣಿನ ಗುರುತು ಒತ್ತಿ" ಎಂದರು. ಚಿತ್ರ ಒಂದೇ ಹಾಳೆಯಲ್ಲಿರುವುದಿಲ್ಲ, ಗಾಜಿನ ಹಾಳೆಗಳ ಮೇಲೆ ಬರೆದು ಒಂದರ ಮೇಲೊಂದು ಇಟ್ಟ ಹಾಗಿರುತ್ತದೆ. ಯಾವ ಹಾಳೆಯ ಕಣ್ಣು ಮುಚ್ಚುತ್ತೇವೋ ಅದು ಮರೆಯಾಗುತ್ತದೆ. ಒತ್ತಿದೆ. ಮನುಷ್ಯ ಹೋದ, ತಟ್ಟೆ ಉಳಿಯಿತು. ನಿಜಕ್ಕೂ ಅಂದವಾಗಿತ್ತು.

ಜೂನ್ 22, ಭಾನುವಾರ

ಕಾರ್ಡುಗಳನ್ನು ದಪ್ಪ ರಟ್ಟಿಗೆ ಅಂಟಿಸಿ ಹಾಸಿಗೆಯ ಪಕ್ಕ ಹರಡಿದೆ. ಅಕ್ಕ ಕಿಟಕಿಯನ್ನು ಮುಟ್ಟಿದಳು. ತೆರೆದೆ. ಫ್ಯಾನು ಮುಟ್ಟಿದಳು. ಹಾಕಿದೆ. ಮತ್ತೆ ಕಿಟಕಿ. ಮುಚ್ಚಿದೆ. ಮತ್ತೆ ಕಿಟಕಿ. ತೆರೆದೆ. ಆಗ ಗೊತ್ತಾಯಿತು, ನನ್ನನ್ನು ಕುಣಿಸುತ್ತಿದ್ದಾಳೆ! ಬಾಯಿಯ ಎಡಗಡೆ ನಗುತ್ತಿತ್ತು. ಹಳೇ ಅಕ್ಕ ಒಳಗೆ ಹಾಗೇ ಕೂತಿದ್ದಾಳೆ.

ಸಂಜೆ ತಟ್ಟೆಯ ಕಾರ್ಡು ಮುಟ್ಟಿ ನನ್ನ ಕಡೆ ಬೆರಳು ತೋರಿಸಿದಳು. ಆಯಾ ಬೇಡ, ನೀನೇ ತಿನ್ನಿಸು ಅಂತ. ಇನ್ನೇನು ಬೇಕು? ಗಂಜಿ ಕಾಯಿಸಿ, ಆರಿಸಿ ತಂದೆ. ಒಂದು ಚಮಚ ತಿಂದು ಬಾಯಿ ಮುಚ್ಚಿಕೊಂಡಳು.

"ಈಗ ತಾನೆ ಕೇಳಿದ್ಯಲ್ಲೇ ಅಕ್ಕ!"

ಮತ್ತೆ ತಟ್ಟೆ ಮುಟ್ಟಿದಳು, ಮತ್ತೆ ನನ್ನ ಕಡೆ ಬೆರಳು. ಚಮಚ ಒಯ್ದೆ, ಮತ್ತೆ ಬಾಯಿ ಮುಚ್ಚಿದಳು. ಹಟ ಅಂದರೆ ಹಟ. ಉಳಿದ ಗಂಜಿ ಚೆಲ್ಲಿದೆ. ನನಗೆ ಮತ್ತೆ ಬೇಯಿಸಿಕೊಳ್ಳುವ ತಾಳ್ಮೆ ಇರಲಿಲ್ಲ. ಬಿಸ್ಕತ್ತು ಇತ್ತು.

ಜುಲೈ 1, ಮಂಗಳವಾರ

ದಿನವೂ ಇದೇ ರಾಮಾಯಣ. ನಾನು ಮನೆಗೆ ಬಂದು ಚೀಲ ಇಡುವುದೇ ತಡ, ತಟ್ಟೆಯ ಕಾರ್ಡು. ತಂದುಕೊಟ್ಟರೆ ಬೇಡ. ಆಯಾಳನ್ನು ಕೇಳಿದೆ. "ಮಧ್ಯಾಹ್ನ ನನ್ನ ಹತ್ರ ಚೆನ್ನಾಗೇ ಉಣ್ತಾರೆ ಅಣ್ಣ. ನನಗೆ ಆ ಕಾರ್ಡು ತೋರಿಸೋದೇ ಇಲ್ಲ. ನೀವು ಬಂದಾಗಲೇ." ಅಂದರೆ ನನ್ನ ಮೇಲೆ ಯಾವುದೋ ಕೋಪ. ಏನು ಮಾಡಿದ್ದೇನೆ ನಾನು? ಬೆಳಗ್ಗೆ ಮೈ ಒರೆಸಿ, ಬಟ್ಟೆ ಬದಲಿಸಿ, ಪ್ರೆಸ್ಸಿಗೆ ಓಡಿ, ಅಲ್ಲಿಂದ ತರಗತಿಗೆ ಓಡಿ, ಮತ್ತೆ ಬಂದು ಇವಳ ಮುಂದೆ ಚಮಚ ಹಿಡಿದು ಕೂರುತ್ತೇನೆ. ಯಾರಿಗೆ ಹೇಳಲಿ?

ತರಗತಿಯಲ್ಲಿ ಬಣ್ಣದ ಪಾಠ. ಬೂದು ಬಣ್ಣದಲ್ಲೇ ಎಷ್ಟೊಂದು ಬಗೆ ಇದೆ ಎಂದು ತೋರಿಸಿದರು. ನನಗೆ ಗೊತ್ತಿಲ್ಲದ್ದೇನಲ್ಲ. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಮೇಜು ಹಿಡಿದುಕೊಂಡೆ. "ಸರ್, ನೀವು ತುಂಬಾ ಸೊರಗಿಬಿಟ್ಟಿದೀರಿ" ಎಂದರು ಮೇಡಮ್. ಸ್ಕ್ರೀನ್ ನೋಡಿ ನೋಡಿ ಕಣ್ಣು ದಣಿದಿದೆ ಅಷ್ಟೇ ಎಂದೆ. ಕೇಕ್ ಹುಡುಗಿ ತನ್ನ ಡಬ್ಬಿಯಿಂದ ಒಂದು ತುಂಡು ಕೊಟ್ಟಳು. ಅಕ್ಕನಿಗೆಂದು ಚೀಲಕ್ಕೆ ಹಾಕಿಕೊಂಡೆ. ಮನೆಯಲ್ಲಿ ಅದನ್ನು ನೋಡಿದ ಅಕ್ಕ ತಳ್ಳಿದಳು, ನನ್ನ ಎದೆಯ ಕಡೆಗೇ ತಳ್ಳಿದಳು. ಕೇಕಿನ ಕೆನೆ ಅಂಗಿಗೆಲ್ಲ ಆಯಿತು. ಪಿತ್ತ ನೆತ್ತಿಗೇರಿತು. ಆಡಬಾರದ್ದು ಆಡಿದೆ.

ಜುಲೈ 9, ಬುಧವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಪ್ರೆಸ್ಸಿನಲ್ಲಿ ಇವತ್ತು ನನ್ನ ಮೇಜನ್ನು ಇನ್ನೊಬ್ಬರಿಗೆ ಕೊಟ್ಟು, ನನಗೆ ಕಂಪ್ಯೂಟರಿನ ಮುಂದೆ ಸ್ಟೂಲು ಹಾಕಿದರು. ಆ ಸಿಟ್ಟು ಹೊತ್ತುಕೊಂಡೇ ಮನೆಗೆ ಬಂದೆ. ಅಕ್ಕ ತಟ್ಟೆ ಮುಟ್ಟಿದಳು. ಗಂಜಿ ತಂದೆ. ಬಾಯಿ ಮುಚ್ಚಿದಳು. ಇವತ್ತು ಬಿಡುವುದಿಲ್ಲ ಎಂದೆ. ಒಂದು ಕೈಯಲ್ಲಿ ಗಲ್ಲ ಹಿಡಿದು ಇನ್ನೊಂದು ಕೈಯಲ್ಲಿ ಚಮಚ ತುರುಕಿದೆ. "ಕೇಳಿದ್ದೀಯಲ್ಲ, ತಿನ್ನು!" ಅವಳು ತಲೆ ಅಲ್ಲಾಡಿಸುತ್ತಲೇ ಇದ್ದಳು. ಇನ್ನೊಂದು ಚಮಚ. ಇನ್ನೊಂದು.

ಕೆಮ್ಮು ಶುರುವಾಯಿತು. ನಿಲ್ಲಲಿಲ್ಲ. ಮುಖ ನೀಲಿಯಾಯಿತು. ಬೋರಲು ಮಾಡಿ ಬೆನ್ನು ತಟ್ಟಿದೆ. ಸ್ವಲ್ಪ ಹೊರಬಂತು, ಉಸಿರು ಬಂತು. ಆಮೇಲೆ ಅವಳು ಅತ್ತಳು. ನಾನು ನೆಲ ಒರೆಸಿದೆ.

ಜುಲೈ 11, ಶುಕ್ರವಾರ

ಜ್ವರ ಏರಿ ಆಸ್ಪತ್ರೆಗೆ ಸೇರಿಸಿದೆ. ಎದೆಯಲ್ಲಿ ನಂಜು. ಅನ್ನನಾಳಕ್ಕೆ ಹೋಗಬೇಕಾದದ್ದು ಶ್ವಾಸಕೋಶಕ್ಕೆ ಇಳಿದಿದೆ ಎಂದರು ಡಾಕ್ಟರು. "ಇಂಥ ಪೇಷಂಟುಗಳಲ್ಲಿ ಹೀಗಾಗುತ್ತೆ, ನುಂಗೋ ಶಕ್ತಿ ಕಡಿಮೆ ಇರುತ್ತಲ್ಲ." ಹೀಗಾಗುತ್ತೆ ಅಂತೆ. ತಾನಾಗಿ ಆದ ಹಾಗೆ. ನಾನು ಬಾಯಿ ಬಿಡಲಿಲ್ಲ.

ಮೂಗಿನಲ್ಲಿ ನಳಿಗೆ ಹಾಕಿ ಅದರಲ್ಲೇ ಆಹಾರ ಬಿಡುತ್ತಿದ್ದಾರೆ. ಇನ್ನು ಬಾಯಿಗೆ ಏನೂ ಕೊಡಬಾರದು.

ಜುಲೈ 15, ಮಂಗಳವಾರ

ತರಗತಿಗೆ ಹೋಗಲಿಲ್ಲ.

ಕಾರ್ಡುಗಳನ್ನು ತಂದು ಹಾಸಿಗೆಯ ಮೇಲಿಟ್ಟಿದ್ದೆ. ಕಣ್ಣು ಬಿಟ್ಟವಳು ಮಾಡಿದ ಮೊದಲ ಕೆಲಸ, ತಟ್ಟೆ ಮುಟ್ಟಿದ್ದು. ಡ್ರಿಪ್ ಸರಿಮಾಡುತ್ತಿದ್ದ ನರ್ಸ್ ನೋಡಿ, "ಈಗ ತಾನೆ ನಳಿಗೇಲಿ ಬಿಟ್ಟಿದೀವಿ, ಹೊಟ್ಟೆ ತುಂಬಿದೆ ಅವರಿಗೆ. ಪಾಪ, ಆ ಊಟದ ಕಾರ್ಡು ತೆಗೆದುಬಿಡಿ ಸರ್. ನೋಡಿದಷ್ಟೂ ಆಸೆ ಹೆಚ್ಚಾಗುತ್ತೆ" ಎಂದಳು.

ಸರಿ ಎಂದೆ. ಬಿಡಿ ಕಾರ್ಡುಗಳು ಹಾಸಿಗೆಯಿಂದ ಜಾರುತ್ತಿವೆ, ಒಂದೇ ಹಾಳೆಯಲ್ಲಿ ಎಲ್ಲ ಬರುವ ಹಾಗೆ, ತಟ್ಟೆ ಬಿಟ್ಟು, ಮತ್ತೆ ಪ್ರಿಂಟು ಹಾಕಿಸಬೇಕು. ಹೊರಟಾಗ ಅಕ್ಕ ನನ್ನ ಅಂಗಿಯ ತುದಿ ಹಿಡಿದಳು. ಬೆಲ್ಟನ್ನು ಮುಟ್ಟಿ ನೋಡಿದಳು. ಬಿಡಿಸಿಕೊಂಡು ಬಂದೆ.

ಜುಲೈ 16, ಬುಧವಾರ

ತಟ್ಟೆಯನ್ನು ಅಳಿಸಲು ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಫೈಲು ತೆರೆದೆ. ತಟ್ಟೆಯ ಲೇಯರ್ ಹುಡುಕುವಾಗ ಅದರ ಮೇಲಿದ್ದ ಲೇಯರಿನ ಕಣ್ಣನ್ನು ಒತ್ತಿಬಿಟ್ಟೆ. ಅವತ್ತು ಮುಚ್ಚಿಟ್ಟಿದ್ದ ಮನುಷ್ಯ ಎದ್ದು ಬಂದ. ತಟ್ಟೆಯ ಮುಂದೆ ಕೂತ, ಚಮಚ ಬಾಯಿಯ ಹತ್ತಿರ.

ಮತ್ತೆ ಮುಚ್ಚಲು ಹೋದವನು ನಿಂತೆ. ಉದ್ದನೆಯ ಕತ್ತು, ಬಡಕಲು ಮೈ, ಕಡ್ಡಿ ಕೈ. ಬರೆಯುವಾಗ ಗೊತ್ತಿಲ್ಲದೆ ನನ್ನನ್ನೇ ಬರೆದಿದ್ದೇನೆ. ಇದು ಅಕ್ಕ ಊಟ ಮಾಡುವ ಚಿತ್ರವಲ್ಲ. ನಾನು ಊಟ ಮಾಡುವ ಚಿತ್ರ.

ಚಿಕ್ಕಂದಿನಲ್ಲಿ, ಅಮ್ಮ ತೀರಿಕೊಂಡ ಮೇಲೆ, ಅಕ್ಕ ನನ್ನನ್ನು ಕಡ್ಡಿ ಪೈಲ್ವಾನ್ ಎಂದು ಕರೆಯುತ್ತಿದ್ದಳು. ತಟ್ಟೆ ಖಾಲಿಯಾಗುವವರೆಗೆ ಸೊಂಟದ ಮೇಲೆ ಕೈಯಿಟ್ಟು ಎದುರಿಗೇ ನಿಂತಿರುತ್ತಿದ್ದಳು. ದೊಡ್ಡವನಾದ ಮೇಲೂ ಕಡ್ಡಿ ಎಂದೇ ಕರೆದಳು. ಮಧ್ಯಾಹ್ನ ಬಸ್ಸುಗಳ ನಡುವೆ ಬಿಡುವು ಸಿಕ್ಕರೆ ಪ್ರೆಸ್ಸಿಗೆ ಫೋನು ಮಾಡಿ ಒಂದೇ ಒಂದು ಪ್ರಶ್ನೆ ಕೇಳಿ ಇಟ್ಟುಬಿಡುತ್ತಿದ್ದಳು. ಪ್ರೆಸ್ಸಿನವರೆಲ್ಲ ನಗುತ್ತಿದ್ದರು.

ಇನ್ನೊಂದು ಚಿತ್ರ ಬರೆದೆ. ಅದೇ ತಟ್ಟೆ, ಅದೇ ಚಮಚ. ಮನುಷ್ಯ ಮಾತ್ರ ಅಕ್ಕ, ದುಂಡು ಮುಖ, ತುರುಬು, ಕನ್ನಡಕ. ಎರಡನ್ನೂ ಪ್ರಿಂಟು ಹಾಕಿದೆ. ನಾನು ಅಂದುಕೊಂಡದ್ದು ಸುಳ್ಳಾಗಲಿ.

ಜುಲೈ 17, ಗುರುವಾರ

ಸುಳ್ಳಾಗಲಿಲ್ಲ.

ಎರಡೂ ಕಾರ್ಡು ಅವಳ ಮುಂದೆ ಹಿಡಿದೆ. ತುರುಬಿನ ಚಿತ್ರವನ್ನು ನೋಡಿ ಪಕ್ಕಕ್ಕೆ ಸರಿಸಿದಳು. ಕಡ್ಡಿಯ ಚಿತ್ರ ನೋಡಿದ ಕೂಡಲೇ ಗಂಟಲಿನಿಂದ ಒಂದು ಸದ್ದು ಬಂತು, ನಗುವಿನ ಹಾಗೆ. ಅದರ ಮೇಲೆ ಅಂಗೈ ಇಟ್ಟಳು. ನನ್ನ ಕಡೆ ಬೆರಳು ತೋರಿಸಿ ಹುಬ್ಬು ಏರಿಸಿದಳು.

ಊಟ ಆಯ್ತಾ?

ಇಷ್ಟೇ. ಇಷ್ಟು ದಿನ ಕೇಳಿದ್ದು ಇಷ್ಟೇ. ನಾನು ಬಾಗಿಲು ದಾಟಿ ಬಂದ ಪ್ರತಿ ಸಂಜೆ ಕೇಳಿದಳು. ನಾನು ಉತ್ತರ ಹೇಳುವ ಬದಲು ಅವಳ ಬಾಯಿಗೆ ತುರುಕಿದೆ. ಅದೇ ಅವಳ ಎದೆಗೆ ಹೋಗಿ ಕೂತಿದೆ.

"ಆಯ್ತಕ್ಕ" ಎಂದೆ.

ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೈ ನಿಧಾನವಾಗಿ ಸರಿದು ತಪ್ಪುಗುರುತಿನ ಕಾರ್ಡನ್ನು ಮುಟ್ಟಿತು. ನನ್ನ ಸುಳ್ಳು ಅವಳ ಹತ್ತಿರ ಯಾವತ್ತು ನಡೆದಿದೆ?

ಆಸ್ಪತ್ರೆಯ ಕ್ಯಾಂಟೀನಿನಿಂದ ಬ್ರೆಡ್ಡು, ಬೇಯಿಸಿದ ಮೊಟ್ಟೆ ತಂದೆ. ಮೂಗಿಗೆ ನಳಿಗೆ ಹಾಕಿಸಿಕೊಂಡವಳ ಮುಂದೆ ಕೂತು ತಿಂದೆ. ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಬ್ರೆಡ್ಡಿನ ಅಂಚು ಬಿಡಲು ನೋಡಿದೆ, ಹುಬ್ಬು ಗಂಟಿಕ್ಕಿದಳು. ಅದನ್ನೂ ತಿಂದೆ. ನರ್ಸ್ ನನ್ನನ್ನು ಎಂಥ ಕಟುಕ ಅಂದುಕೊಂಡಳೋ ಏನೋ.

"ತಪ್ಪಾಯ್ತು ಕಣೇ ಅಕ್ಕ. ನೀನು ಕೇಳಿದ್ದು ನಂಗೆ ಗೊತ್ತಾಗ್ಲಿಲ್ಲ" ಎಂದೆ. ಅವಳು ನನ್ನ ಅಂಗಿಯ ಮೇಲೆ ಬಿದ್ದಿದ್ದ ಬ್ರೆಡ್ಡಿನ ಪುಡಿಯನ್ನು ಎಡಗೈಯಿಂದ ಕೊಡವಿದಳು.

ಜುಲೈ 20, ಭಾನುವಾರ

ದಿನವೂ ಅವಳ ಮುಂದೆ ಕೂತು ಉಣ್ಣುತ್ತೇನೆ. ಆಯಾ ಮನೆಯಿಂದ ಡಬ್ಬಿ ತರುತ್ತಾಳೆ. ಅಕ್ಕನಿಗೆ ಈಗ ಕಾರ್ಡು ಎತ್ತುವ ಶಕ್ತಿಯಿಲ್ಲ. ನಾನೇ ಕಡ್ಡಿಯ ಚಿತ್ರ ಹಿಡಿದು ತೋರಿಸಿ, ಆಮೇಲೆ ತಿನ್ನುತ್ತೇನೆ. ಜ್ವರ ಇಳಿಯುತ್ತಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದು ಮಾತಾಡಿದರು.

ಜುಲೈ 22, ಮಂಗಳವಾರ

ಹೊಸ ಕಾರ್ಡು ಮಾಡಬೇಕೆಂದು ಕಾಗದ ಹಿಡಿದು ಕೂತೆ. ನನ್ನನ್ನು ಕ್ಷಮಿಸಿದ್ದೀಯಾ ಎಂದು ಕೇಳುವ ಚಿತ್ರ. ಅದಕ್ಕೆ ಏನು ಬರೆಯಬೇಕೋ ಗೊತ್ತಾಗಲಿಲ್ಲ.

ಜುಲೈ 24, ಗುರುವಾರ

ಬೆಳಗ್ಗೆ ಅಕ್ಕ ಹೋದಳು.

ಜುಲೈ 27, ಭಾನುವಾರ

ಏನೂ ಇಲ್ಲ.

ಆಗಸ್ಟ್ 2, ಶನಿವಾರ

ತರಗತಿಯ ಕೊನೆಯ ದಿನ. ಎಲ್ಲರೂ ತಮ್ಮ ಕೆಲಸ ಗೋಡೆಗೆ ಅಂಟಿಸಬೇಕಿತ್ತು. ಕೇಕ್ ಹುಡುಗಿ ತನ್ನ ಅಂಗಡಿಯ ಡಬ್ಬಿ ಅಂಟಿಸಿದಳು, ಮುದ್ದಾಗಿತ್ತು. ನಾನು ಕಾರ್ಡುಗಳನ್ನು ಅಂಟಿಸಿದೆ. ತಟ್ಟೆಯ ಜಾಗದಲ್ಲಿ ಕಡ್ಡಿ.

ಮೇಡಮ್ಮಿಗೆ ಅಕ್ಕನ ವಿಷಯ ಗೊತ್ತಿರಲಿಲ್ಲ. ಹತ್ತಿರ ಬಂದು ನೋಡಿ, "ಗೆರೆ ಎಷ್ಟು ಚೆನ್ನಾಗಿ ಬಂದಿದೆ ಸರ್! ಇದೊಂದು ಮಾತ್ರ ಉಳಿದವುಗಳ ಜತೆ ಹೊಂದಲ್ಲ. ಮನುಷ್ಯನ್ನ ತೆಗೆದ್ರೆ ನೀಟಾಗಿರುತ್ತೆ, ಅವತ್ತೇ ಹೇಳಿದ್ನಲ್ಲ" ಎಂದರು.

"ಇರ್ಲಿ ಮೇಡಮ್. ತೆಗೆದ್ರೆ ಅರ್ಥ ಕೆಡುತ್ತೆ" ಎಂದೆ.

ಮನೆಗೆ ಬಂದೆ. ಚೀಲ ಇಟ್ಟೆ. ಅವಳ ಹಾಸಿಗೆಯನ್ನು ಆಯಾ ಮಡಚಿಟ್ಟು ಹೋಗಿದ್ದಾಳೆ. ಸುಮ್ಮನೆ ಮಲಗಿಬಿಡೋಣ ಎನಿಸಿತು, ಮಲಗುವ ಕೋಣೆಯ ಬಾಗಿಲವರೆಗೆ ಹೋದೆ ಕೂಡ. ಮತ್ತೆ ಬಂದು, ತರಗತಿಯ ಗೋಡೆಯಿಂದ ಬಿಡಿಸಿ ತಂದಿದ್ದ ಕಡ್ಡಿಯ ಕಾರ್ಡನ್ನು ಅಡುಗೆಮನೆಯ ಗೋಡೆಗೆ, ನನ್ನ ಕಣ್ಣಿಗೆ ಸಮನಾಗಿ ಅಂಟಿಸಿದೆ. ಅಕ್ಕಿ ತೊಳೆದೆ. ಕೈ ಅಳತೆ ತಪ್ಪಿ ಇಬ್ಬರಿಗಾಗುವಷ್ಟು ಬೇಯಿಸಿದೆ. ಎದುರಿಗೆ ಯಾರೂ ನಿಂತಿರಲಿಲ್ಲ. ತಟ್ಟೆ ಖಾಲಿಯಾಗುವವರೆಗೆ ಏಳಲಿಲ್ಲ.

ಊಟ ಆಯ್ತಕ್ಕ. ಇವತ್ತು ಸುಳ್ಳಲ್ಲ.